ಒಳಗಿನಿಂದ ಕೂರಿಸುವ ಗಾಜು

ಮರ್ಫಿ ಟೌನ್, ಹಲಸೂರು
ಬೆಂಗಳೂರು
೧೭ ಆಗಸ್ಟ್ ೨೦೦೩, ಭಾನುವಾರ

ನಿಮಗೆ, ಗಂಗಾ ಮಾಡುವ ನಮಸ್ಕಾರಗಳು.

ಏನೆಂದು ಕರೆದು ಶುರುಮಾಡಲಿ ಎಂದು ಯೋಚಿಸುವುದರಲ್ಲೇ ಎರಡು ಹಾಳೆ ಹರಿದೆ. ಲಕೋಟೆಯ ಮೇಲೆ ‘ಭೀಮಾಶಂಕರ’ ಎಂದು ಗಂಡನ ಹೆಸರು ಬರೆಯುವಾಗಲೇ ಎರಡು ಸಲ ಪೆನ್ನು ಎತ್ತಿಟ್ಟೆ. ಒಳಗೆ ‘ನಿಮಗೆ’ ಎಂದಷ್ಟೇ ಇರಲಿ. ನಾನು ಇಲ್ಲಿ ಕ್ಷೇಮ. ಅಮೃತಮ್ಮನವರ ಅದೇ ಮನೆ, ಅದೇ ಮಹಡಿ ಕೋಣೆ. ಯುಗಾದಿಗೆ ನೀವು ಶಹಾಪುರದಿಂದ ಹಾಕಿದ ಕಾರ್ಡಿನಲ್ಲಿ ‘ಅರಾಮ ಅದೀನಿ’ ಎಂಬ ಒಂದೇ ಸಾಲಿತ್ತು. ಅದಕ್ಕೆ ಉತ್ತರ ಬರೆಯಲು ನನಗೆ ನಾಲ್ಕು ತಿಂಗಳ ಮೇಲೆ ಹಿಡಿಯಿತು. ಕೆಲಸ ಜಾಸ್ತಿಯಿತ್ತು ಎಂದರೆ ಸುಳ್ಳಾಗುತ್ತದೆ.

ಮೊದಲು ಆಫೀಸಿನ ಸುದ್ದಿ ಹೇಳಿಬಿಡುತ್ತೇನೆ. ಹೇಳಲು ಅದೇ ಸುಲಭ. ಕೆ.ಆರ್. ಪುರಂನ ಹೊಸ ತೂಗುಸೇತುವೆಗೆ ಸ್ವಲ್ಪ ಈಚೆ ಅಹ್ಮದ್ ಪಾಷಾ ಎನ್ನುವವರು ಆರು ಮಹಡಿಯ ಆಫೀಸು ಕಟ್ಟಡ ಕಟ್ಟಿಸುತ್ತಿದ್ದಾರೆ. ಪುಲಿಕೇಶಿನಗರದವರು, ಮರದ ವ್ಯಾಪಾರ. ನಕ್ಷೆ ನಮ್ಮ ಇಂದಿರಾನಗರದ ಆಫೀಸಿನದು. ಬುಷ್ರಾ ಮೇಡಂ ಆರ್ಕಿಟೆಕ್ಟ್, ನಾನು ಎಂದಿನಂತೆ ಡ್ರಾಯಿಂಗ್ ಮಾಡುವವಳು. ಪಾಷಾ ಅವರಿಗೆ ನಾಲ್ಕೂ ಕಡೆ ನೆಲದಿಂದ ತುದಿಯವರೆಗೆ ಗಾಜೇ ಬೇಕಿತ್ತು. “ಗಾಜಿಲ್ದಿದ್ರೆ ಕಂಪನಿಯೋರು ತಿರುಗಿ ಸಹ ನೋಡಲ್ಲ ಅಮ್ಮಾ” ಎನ್ನುತ್ತಿದ್ದರು. ಹಾಗೆಯೇ ಬರೆದುಕೊಟ್ಟೆವು.

ಮಾರ್ಚಿನಲ್ಲಿ ಕಾಂಕ್ರೀಟು ಮುಗಿದಾಗ ನೋಡಿದರೆ ಮಹಡಿಗಳ ಅಂಚು ಒಂದರ ಕೆಳಗೆ ಒಂದು ನೆಟ್ಟಗೆ ಕೂತಿರಲಿಲ್ಲ. ಒಂದು ಮಹಡಿ ಬೆರಳಷ್ಟು ಮುಂದೆ, ಇನ್ನೊಂದು ಬೆರಳಷ್ಟು ಹಿಂದೆ. ಗಾಜಿಗೆ ಆರ್ಡರ್ ಕೊಡುವ ಮೊದಲು ಯಾರಾದರೂ ಹಗ್ಗದಲ್ಲಿ ತೂಗುವ ಹಲಗೆ, ಆ ಜೂಲಾ ಹತ್ತಿ, ಹೊರಗಿನಿಂದ ಒಂದೊಂದು ಅಂಚನ್ನೂ ಅಳೆದು ಬರಬೇಕಾಯಿತು. ನಾನು ಹೋಗುತ್ತೇನೆ ಎಂದೆ. ಮೇಡಂ ಬೇಡವೆಂದರೂ ಕೇಳಲಿಲ್ಲ.

ಯಾಕೆ ಹೋದೆ ಎಂದು ನಿಮಗೆ ಗೊತ್ತಾಗುತ್ತದೆ. ಕಳೆದ ವರ್ಷ ಹಲಸೂರು ಕೆರೆ ಪಕ್ಕದ ಕಟ್ಟಡದಲ್ಲಿ ಜೂಲಾದ ಒಂದು ಹಗ್ಗ ಸಡಿಲಾಗಿ, ನಿಮ್ಮ ಜೊತೆ ಗಾಜು ಕೂರಿಸುತ್ತಿದ್ದ ಪೀರಪ್ಪ ಬಿದ್ದ ಮೇಲೆ ನೀವು ಒಂದು ತಿಂಗಳು ಮನೆಯಲ್ಲೇ ಕೂತಿರಿ. ಕೆಲಸಕ್ಕೆ ಕರೆಯಲು ಬಂದವರಿಗೆಲ್ಲ ಇಲ್ಲ ಎಂದಿರಿ. ನನಗೆ ಹೇಳಿದ್ದು ಒಂದೇ ಮಾತು, “ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗ್ಯಾದ ಗಂಗಾ.” ಅದಕ್ಕೆ ನಾನು, ನಲ್ಲಿಯ ಹತ್ತಿರ, ನಾಲ್ಕು ಜನ ಕೊಡ ಹಿಡಿದು ನಿಂತಿದ್ದಾಗ, “ಗಂಡಸಾಗಿ ಇಷ್ಟು ಹೆದ್ರಿಕಿ ಏನ್ರಿ ನಿಮಗ?” ಎಂದೆ. ನೀವು ತುಂಬಿದ ಕೊಡ ಎತ್ತಿಕೊಂಡು ಮೇಲೆ ಹೋದಿರಿ. ಅನ್ನ ಉಂಡಿರಿ. ಬೆಳಗಿನ ಬಸ್ಸಿಗೆ ಊರಿಗೆ ಹೊರಟಿರಿ. ಆ ಮಾತನ್ನು ನಾನು ಇದುವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಆದರೆ ಆ ನಲ್ಲಿಯ ಹತ್ತಿರ ಹೋದಾಗಲೆಲ್ಲ ಅದು ನನಗೆ ಕೇಳಿಸುತ್ತದೆ.

ಅದಕ್ಕೇ ಹತ್ತಿದೆ. ಹೆದರುವಂಥದ್ದು ಏನೂ ಇಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ನೀವು ಹತ್ತು ವರ್ಷ ದಿನವೂ ನಿಂತ ಆ ಹಲಗೆಯ ಮೇಲೆ ನಾನು ನಿಂತದ್ದು ಅರ್ಧ ಗಂಟೆಯೂ ಇರಲಿಲ್ಲ. ಮೂರನೇ ಮಹಡಿಯವರೆಗೆ ಹೇಗೋ ಇದ್ದೆ. ನಾಲ್ಕಕ್ಕೆ ಬಂದಾಗ ಗಾಳಿ ಎದ್ದು ಹಲಗೆ ಗೋಡೆಯಿಂದ ಒಂದು ಮೊಳ ಆಚೆ ಹೋಗಿ ಮತ್ತೆ ಬಂದು ಬಡಿಯಿತು. ಟೇಪು ಕೈಯಿಂದ ಜಾರಿತು. ಅದು ನೆಲ ಮುಟ್ಟುವ ಸದ್ದಿಗೆ ಕಾದೆ. ತುಂಬ ಹೊತ್ತು ಕಾದ ಹಾಗನ್ನಿಸಿತು. ಆಮೇಲೆ ಸೀರೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಕೆಳಗಿಳಿಸಿದ ಮೇಲೆ ಸಿಮೆಂಟ್ ಚೀಲಗಳ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೋತು ಬಂದೆ ಎಂದು ಹೇಳಲು ನಾಚಿಕೆಯಾಗಿ, ಮೇಲಿನ ಮೂರು ಮಹಡಿಯ ಅಳತೆಗಳನ್ನು ಪುಸ್ತಕದಲ್ಲಿ ನಾನೇ ಊಹಿಸಿ ಬರೆದೆ. ಎರಡು ದಿನ ಅದನ್ನಿಟ್ಟುಕೊಂಡು ಡ್ರಾಯಿಂಗ್ ಕೂಡ ಮಾಡಿದೆ. ಮೂರನೆಯ ದಿನ ಮೇಡಂ ಅದರ ಮೇಲೆ ಸಹಿ ಹಾಕಲು ಪೆನ್ನು ತೆಗೆದಾಗ ತಡೆಯಲಾಗಲಿಲ್ಲ. ಮೇಡಂ, ಅದು ಸುಳ್ಳು, ನಾನು ಅಳೆದಿಲ್ಲ, ಭಯವಾಯಿತು ಎಂದುಬಿಟ್ಟೆ. ನಿಮ್ಮ ವಿಷಯವನ್ನೂ ಹೇಳಿದೆ. ನಲ್ಲಿಯ ಹತ್ತಿರ ಆಡಿದ ಮಾತನ್ನು ಮಾತ್ರ ಹೇಳಲಿಲ್ಲ.

ಕೆಲಸ ಹೋಯಿತು ಎಂದುಕೊಂಡೆ. ಮೇಡಂ ಪೆನ್ನು ಮುಚ್ಚಿಟ್ಟರು. ನನ್ನನ್ನು ಬೈದರು, ಚೆನ್ನಾಗಿಯೇ ಬೈದರು. ಆ ಅಳತೆಗೆ ಗಾಜು ಬಂದಿದ್ದರೆ ಅದನ್ನು ಬಡಿದು ಕೂರಿಸಲು ಇನ್ನೊಬ್ಬನನ್ನು ಹಗ್ಗಕ್ಕೆ ಕಟ್ಟಬೇಕಿತ್ತು ಎಂದರು. ಆಮೇಲೆ ದನಿ ಇಳಿಸಿ, “ಅಳೆಯೋಕೇ ಹೋಗೋಕಾಗದ ಕಡೆ ಗಾಜು ಹಾಕೋಕೆ ಜನಾನ ಯಾಕೆ ಕಳಿಸ್ಬೇಕು ಗಂಗಾ? ಒಳಗಿಂದ ಹಾಕೋ ಹಾಗೆ ಮಾಡೋಕಾಗುತ್ತಾ ನೋಡೋಣ” ಎಂದರು.

ಅಲ್ಲಿಂದ ಎರಡು ತಿಂಗಳು ನಾವಿಬ್ಬರೂ ಮಾಡಿದ್ದು ಅದೊಂದೇ. ಆಳೆತ್ತರದ ದೊಡ್ಡ ಗಾಜು ಬೇಡ, ಇಬ್ಬರು ಎತ್ತಬಹುದಾದಷ್ಟು ದೊಡ್ಡ ಚೌಕಟ್ಟು ಸಾಕು ಎಂದುಕೊಂಡೆವು. ಗಾಜು, ರಬ್ಬರು ಎಲ್ಲವನ್ನೂ ನೆಲದ ಮೇಲೆ ಮೇಜಿಟ್ಟುಕೊಂಡೇ ಜೋಡಿಸಬೇಕು. ಚೌಕಟ್ಟನ್ನು ಲಿಫ್ಟಿನಲ್ಲಿ ಮೇಲೆ ತಂದು, ಕೋಣೆಯೊಳಗೇ ನಿಂತು, ವಾಲಿಸಿ ಅದರ ಜಾಗಕ್ಕೆ ಇಳಿಸಿ ಒಳಗಿನಿಂದಲೇ ಬೋಲ್ಟು ಬಿಗಿಯಬೇಕು. ಅಂಚು ಹಿಂದೆ ಮುಂದೆ ಇರುವುದಕ್ಕೆ ಏನು ಮಾಡುವುದು ಎಂದು ಮೇಡಂ ತಲೆ ಕೆಡಿಸಿಕೊಂಡಿದ್ದರು. ನನಗೆ ನೀವು ಉಣ್ಣುವಾಗ ಗೊಣಗುತ್ತಿದ್ದದ್ದು ನೆನಪಾಯಿತು. “ಕ್ಲಾಂಪಿಗೆ ಗುಂಡನ ತೂತು ಯಾಕ ಬೇಕು? ಎರಡ ಬೆರಳು ಉದ್ದ ತೂತು ಹೊಡದ್ರ ಅವರಪ್ಪಂದೇನು ಗಂಟು ಹೋಗ್ತದ?” ಆಗ ನಾನು ತಲೆಯಾಡಿಸಿ ಸಾರು ಬಡಿಸುತ್ತಿದ್ದೆ. ಈಗ ಅದನ್ನೇ ಬರೆದೆ. ಉದ್ದ ತೂತಿನಲ್ಲಿ ಬೋಲ್ಟು ಸರಿಸಿಕೊಂಡರೆ ಸೊಟ್ಟ ಅಂಚಿನ ಮೇಲೂ ಗಾಜು ನೆಟ್ಟಗೆ ಕೂರುತ್ತದೆ. ಯಾರು ಹೇಳಿಕೊಟ್ಟರು ಎಂದು ಮೇಡಂ ಕೇಳಿದರು. ನಮ್ಮ ಮನೆಯವರು ಎಂದೆ. ತುಂಬ ದಿನದ ಮೇಲೆ ಆ ಮಾತು ಬಾಯಿಗೆ ಬಂತು.

ಪಾಷಾ ಅವರನ್ನು ಒಪ್ಪಿಸುವುದು ಬೇರೆಯೇ ಕಥೆ. ಚಿಕ್ಕ ಚೌಕಟ್ಟು ಎಂದರೆ ಮುಖ ಗಂಟು ಹಾಕಿದರು. ಪೂರ್ವಕ್ಕೂ ಪಶ್ಚಿಮಕ್ಕೂ ದಕ್ಷಿಣಕ್ಕೂ ಸೊಂಟದವರೆಗೆ ಗೋಡೆ, ಮೇಲೆ ನೆರಳಿಗೆ ಒಂದು ಚಾಚು, ಉತ್ತರಕ್ಕೆ ಮಾತ್ರ ಪೂರ್ತಿ ಗಾಜು ಎಂದಾಗ ಎದ್ದೇ ನಿಂತರು. ಮೇಡಂ ವಾದ ಮಾಡಲಿಲ್ಲ. ಮೂರನೇ ಮಹಡಿಯ ಪಶ್ಚಿಮದಲ್ಲಿ ಅಕ್ಕಪಕ್ಕ ಎರಡು ಕೋಣೆ ಮಾಡಿಸಿದರು. ಒಂದು ಅವರು ಕೇಳಿದ ಹಾಗೆ, ಇನ್ನೊಂದು ನಾವು ಬರೆದ ಹಾಗೆ. ಮೇ ತಿಂಗಳ ಒಂದು ಸಂಜೆ ನಾಲ್ಕಕ್ಕೆ ಪಾಷಾ ಅವರನ್ನು ಪೂರ್ತಿ ಗಾಜಿನ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಪಾಪ, ಮೊದಲು ಟೋಪಿ ತೆಗೆದರು, ಆಮೇಲೆ ಕುರ್ಚಿ ಸರಿಸಿದರು, ಆಮೇಲೆ ಚಹಾದ ಲೋಟ ಹಿಡಿದುಕೊಂಡೇ ಪಕ್ಕದ ಕೋಣೆಗೆ ಎದ್ದು ಹೋದರು. ಎರಡರ ನಡುವೆ ಆರು ಡಿಗ್ರಿ ವ್ಯತ್ಯಾಸವಿತ್ತು. “ಅದು ಆಫೀಸಲ್ಲ ಅಮ್ಮಾ, ಭಟ್ಟಿ. ಅದ್ರಲ್ಲಿ ಶೀಕ್ ಕಬಾಬ್ ಮಾಡ್ಬೋದು” ಎಂದು ನಗಾಡಿಬಿಟ್ಟರು. ಛಾವಣಿಗೆ ಬರಬೇಕಿದ್ದ ನಾಲ್ಕು ದೊಡ್ಡ ಎ.ಸಿ. ಯಂತ್ರಗಳಲ್ಲಿ ಒಂದು ಬೇಡವೇ ಬೇಡವಾಯಿತು. ಮಧ್ಯಾಹ್ನ ದೀಪ ಹಾಕದೆಯೂ ಒಳಗೆ ಓದಬಹುದು.

ಈಗ ನಿಜವಾಗಿ ಬರೆಯಬೇಕಾದ ವಿಷಯಕ್ಕೆ ಬರುತ್ತೇನೆ.

ಜುಲೈನಲ್ಲಿ ಚೌಕಟ್ಟು ಕೂರಿಸುವ ಕೆಲಸ ಶುರುವಾಯಿತು. ಎರಡನೆಯ ದಿನ ನಾನು ಸೈಟಿಗೆ ಹೋದಾಗ ಐದನೇ ಮಹಡಿಯಲ್ಲಿ ಒಬ್ಬ ಸ್ಟೂಲಿನ ಮೇಲೆ ಕೂತು ಬೋಲ್ಟು ಬಿಗಿಯುತ್ತಿದ್ದ. ತಿರುಗಿದ. ಪೀರಪ್ಪ. ಸೊಂಟ ಕೂಡಿಕೊಳ್ಳಲು ವರ್ಷ ಹಿಡಿಯಿತಂತೆ, ಸಿಂಧನೂರಿನಲ್ಲಿ ಅಕ್ಕನ ಮನೆಯಲ್ಲಿದ್ದನಂತೆ. ಎಡಗಾಲು ಎಳೆಯುತ್ತಾನೆ. ಜೂಲಾ ಹತ್ತಲಾರ, ಆದರೆ ಇಲ್ಲಿ ಹತ್ತಬೇಕಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಬಂದನಂತೆ. ನನ್ನನ್ನು ನೋಡಿದ್ದೇ ಕೇಳಿದ, “ವೈನಿ, ಭೀಮ್ಯಾ ಎಲ್ಲಿ ಅದಾನ?”

ಊರಲ್ಲಿದ್ದಾರೆ, ಅಣ್ಣನ ಸೈಕಲ್ ಅಂಗಡಿ ನೋಡಿಕೊಳ್ಳುತ್ತಾರೆ, ಮತ್ತೆ ಮೇಲೆ ಹತ್ತಲೇ ಇಲ್ಲ ಎಂದೆ. ಅವನು ಪಾನಾ ಕೆಳಗಿಟ್ಟ. ಆ ದಿನ ಏನಾಯಿತು ಎಂದು ನೀವು ನನಗೆ ಹೇಳಿಲ್ಲವೇ ಎಂದು ಕೇಳಿದ. ಇಲ್ಲ ಎಂದೆ.

ನೀವು ಹೇಳಲಿಲ್ಲ. ಹಲಗೆ ವಾಲಿದಾಗ ನೀವು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪೀರಪ್ಪನ ಮಣಿಕಟ್ಟು ಹಿಡಿದಿದ್ದಿರಿ ಎಂದು ನನಗೆ ಗೊತ್ತೇ ಇರಲಿಲ್ಲ. ಕೆಳಗಿನವರು ಕೂಗುತ್ತಿದ್ದರಂತೆ. ನಿಮ್ಮ ತೋಳು ಕಿತ್ತು ಬರುವ ಹಾಗೆ ನಡುಗುತ್ತಿದ್ದರೂ ನೀವು ಬಿಡಲಿಲ್ಲವಂತೆ. ಪೀರಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ಒಂದು ಅಕ್ಷರವೂ ನನ್ನದಲ್ಲ.

“ಅಂವ ಕೈ ಬಿಟ್ಟಿಲ್ಲ ವೈನಿ. ನಾನೇ ಬಿಡಿಸಿಕೊಂಡೆ. ಕಂಬಿ ಬಾಗ್ಲಕತ್ತಿತ್ತು, ಕೆಳಗ ಉಸುಕಿನ ಗುಂಪಿ ಇತ್ತು. ಇಬ್ಬರೂ ಯಾಕ ಬೀಳಬೇಕಂತ ಮಣಿಕಟ್ಟು ತಿರುವಿದೆ. ದವಾಖಾನಿಗೆ ಬಂದಾಗ ಅಂವ ನನ್ನ ಕಾಲು ಹಿಡದು ಅಳ್ತಿದ್ದ. ನನಗ ಮಾತಾಡ್ಲಿಕ್ಕೆ ಬರ್ತಿದ್ದಿಲ್ಲ, ಮದ್ದಿನ ಮಂಪರು. ಎದ್ದಾಗ ಅಂವ ಇದ್ದಿದ್ದಿಲ್ಲ. ಹೇಳ್ರಿ ಅಂವಗ.”

ಹೇಳುತ್ತಿದ್ದೇನೆ. ನಿಮ್ಮ ಕೈಗೆ ಏನೂ ಆಗಿಲ್ಲ. ನೀವು ಹೆದರಿದ್ದು ಎತ್ತರಕ್ಕಲ್ಲ. ನಿಮ್ಮ ಬೆರಳಿನಿಂದ ಒಬ್ಬ ಮನುಷ್ಯ ಜಾರಿಹೋದ ಎಂದುಕೊಂಡು ಒಂದು ತಿಂಗಳು ನನ್ನ ಪಕ್ಕದಲ್ಲೇ ಕೂತಿದ್ದಿರಿ, ನಾನು ಕೇಳಲಿಲ್ಲ. ಕೇಳುವ ಬದಲು ಆ ಮಾತಾಡಿದೆ. ಎತ್ತರಕ್ಕೆ ಹೆದರಿದವಳು ನಾನು. ಹೆದರಿ ಸುಳ್ಳೂ ಬರೆದವಳು ನಾನೇ. ಕ್ಷಮಿಸಿ ಎಂದು ಬರೆದರೆ ತೀರಾ ಸಣ್ಣದಾಗುತ್ತದೆ. ಆದರೂ ಬರೆದಿದ್ದೇನೆ, ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಇಲ್ಲಿ ನೆಲದ ಮೇಲೆ ಚೌಕಟ್ಟು ಜೋಡಿಸುವವರನ್ನು ನೋಡಿಕೊಳ್ಳಲು ಕೆಲಸ ಬಲ್ಲವರೊಬ್ಬರು ಬೇಕಾಗಿದ್ದಾರೆ. ಮೇಡಂ ನಿಮ್ಮ ಬಗ್ಗೆ ಎರಡು ಸಲ ಕೇಳಿದರು. ನಾನು ಏನೂ ಮಾತು ಕೊಟ್ಟಿಲ್ಲ. ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಊರಲ್ಲಿ ನೆಮ್ಮದಿಯಾಗಿದ್ದರೆ ಅಲ್ಲೇ ಇರಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಧಾನವಾಗಿ ಯೋಚಿಸಿ, ಬಿಡುವಾದಾಗ ಎರಡು ಸಾಲು ಬರೆಯಿರಿ. ಎಷ್ಟು ದಿನವಾದರೂ ಕಾಯುತ್ತೇನೆ.

ಅಣ್ಣಾವರಿಗೂ ಅಕ್ಕಾವರಿಗೂ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇತಿ ನಿಮ್ಮವಳೇ ಆದ,
ಗಂಗಾ

ತಾ.ಕ.: ಕಾಯುತ್ತೇನೆ ಎಂದು ಮೇಲೆ ಬರೆದದ್ದು ನಿಜವಲ್ಲ. ಬುಧವಾರ ಸಂಜೆಯ ರೈಲಿಗೆ ದಂಡು ಸ್ಟೇಷನ್ನಿನಿಂದ ಯಾದಗಿರಿಗೆ ಟಿಕೆಟ್ ತೆಗೆಸಿ ವಾರವಾಯಿತು. ಅಲ್ಲಿಂದ ಬಸ್ಸಿನಲ್ಲಿ ಬರುತ್ತೇನೆ. ಅಂಚೆ ಒಂದು ದಿನ ತಡವಾದರೆ ಈ ಪತ್ರಕ್ಕಿಂತ ಮೊದಲು ನಾನೇ ನಿಮ್ಮ ಅಂಗಡಿಯ ಮುಂದೆ ನಿಂತಿರುತ್ತೇನೆ. ಹಾಗೇನಾದರೂ ಆದರೆ, ಇದನ್ನು ನನ್ನ ಎದುರಿಗೆ ಒಡೆದು ಓದಬೇಡಿ.