ನಿನಗಾಗಿ ನೋಡಿದ ನರಿಯ ಮುಖ

ಕಂಪ್ಲಿ
ಜನವರಿ 18, 2025, ಶನಿವಾರ

ಮುದ್ದಿನ ಮೊಮ್ಮಗಳು ತ್ರಿವೇಣಿಗೆ,

ಹೇಗಿದ್ದೀ ಮಗಳೇ? ಮೀನಖಂಡದ ಸೆಳೆತ ಕಡಿಮೆಯಾಯಿತೇ? ಬಳ್ಳಾರಿಯ ಹಾಸ್ಟೆಲಿನವರು ಓಟದ ಪರೀಕ್ಷೆ ಮುಗಿಯುವವರೆಗೆ ನಿಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡದ್ದು ಒಳ್ಳೆಯದೇ ಆಯಿತು; ಆ ನೆಪದಲ್ಲಾದರೂ ನನ್ನ ಅಕ್ಷರ ನೋಡುವ ಯೋಗ ನಿನಗೆ ಬಂತು. ನಿಮ್ಮಜ್ಜಿ ಭರಮಮ್ಮ ಕಳಿಸಿದ ಶೇಂಗಾ ಉಂಡಿಯನ್ನೆಲ್ಲ ಗೆಳತಿಯರಿಗೆ ಹಂಚಿ ಬರಿಗೈಯಲ್ಲಿ ಕೂತಿರುತ್ತೀ, ಗೊತ್ತು. ಈ ಪತ್ರದ ಜೊತೆ ಇನ್ನೊಂದು ಡಬ್ಬಿ ಬರುತ್ತದೆ, ಅದನ್ನು ನೀನೇ ತಿನ್ನಬೇಕು. ನಾವು ಚೆನ್ನಾಗಿದ್ದೇವೆ. ನನ್ನ ಬಂದೂಕೂ ಚೆನ್ನಾಗಿದೆ.

ನಗಬೇಡ. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ತಂದ ಆ ಜೋಡಿನಳಿಗೆಗೆ ನಲವತ್ತು ವರ್ಷದಿಂದ ವಾರ ತಪ್ಪದೆ ಎಣ್ಣೆ ಹಚ್ಚುತ್ತಿದ್ದೇನೆ. ಅಷ್ಟು ಎಣ್ಣೆಯನ್ನು ತಲೆಗೆ ಹಚ್ಚಿದ್ದರೆ ಕೂದಲಾದರೂ ಉಳಿಯುತ್ತಿತ್ತು ಎನ್ನುವುದು ನಿಮ್ಮಜ್ಜಿಯ ದೂರು. ಕಬ್ಬಿಗೆ ಹಂದಿ ನುಗ್ಗಿದಾಗ ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಹೊಳೆಯ ಆಚೆ ದಂಡೆಯವರೂ ಎದ್ದು ಕೂರಬೇಕು, ಅಂಥ ಗಂಟಲು ಅದರದು. ಈ ವಾರ ಮಾತ್ರ ನನ್ನ ತಾಳ್ಮೆ ಕೆಟ್ಟಿತು. ನರಿಯೊಂದು ಡ್ರಿಪ್ ಪೈಪನ್ನು ಹನ್ನೊಂದು ಕಡೆ ಕಡಿದು ಹಾಕಿದೆ. "ತಾತಾ, ನರಿ ಹೊಡದ್ರ ನಾ ಫಾರೆಸ್ಟ್ ಗಾರ್ಡ್ ಆದ ದಿನ ಮೊದಲ್ನೇ ಕೇಸು ನಿನ್ನ ಮ್ಯಾಲೇ ಹಾಕ್ತೀನಿ ನೋಡು" ಎಂದಿದ್ದೆಯಲ್ಲ, ಅದು ನೆನಪಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಇವತ್ತು ಬೆಳಗ್ಗೆ ಮುಖವನ್ನೂ ತೊಳೆಯದೆ ಬಂದೂಕು ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋದೆ. ಬದುವಿನ ಮೇಲೇ ನಿಂತಿತ್ತು! ಕಂದು ಮೈ, ಚೂಪು ಮೂತಿ. ಗುರಿ ಹಿಡಿದು ಟ್ರಿಗರ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಹಾಲು ಕರೆಯಲು ಬಂದಿದ್ದ ನಿಮ್ಮಜ್ಜಿ ಹಿಂದಿನಿಂದ ಓಡಿ ಬಂದು ನಳಿಗೆಯನ್ನು ಮೇಲಕ್ಕೆ ತಳ್ಳಿದಳು. "ಬ್ಯಾಡ್ರೀ! ಎದ್ದ ಕೂಡ್ಲೇ ನರಿ ಮುಖ ನೋಡೀರಿ, ಎಂಥಾ ಅದೃಷ್ಟ! ಸೋಮವಾರ ಹುಡುಗಿ ಓಟ ಐತಿ. ಅದನ್ನ ಕೊಂದು ಆಕಿ ಅದೃಷ್ಟಾನೂ ಕೊಲ್ತೀರೇನು?" ನನ್ನ ಕೈ ಕೆಳಗಿಳಿಯಿತು. ಹೋದ ವರ್ಷ ಎರಡೇ ಸೆಕೆಂಡಿನಲ್ಲಿ ನೌಕರಿ ತಪ್ಪಿ, ನೀನು ಮೂರು ದಿನ ಊಟ ಬಿಟ್ಟು ಮಲಗಿದ್ದು ಕಣ್ಣಮುಂದೆ ಬಂತು. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ನನಗಿಲ್ಲ ಮಗಳೇ. ನರಿಗೆ ಕೈಮುಗಿದು ಮನೆಗೆ ಬಂದೆ. ಆ ಅದೃಷ್ಟವೆಲ್ಲ ನಿನ್ನದೇ, ನಿಶ್ಚಿಂತೆಯಿಂದ ಓಡು.

ಪಕ್ಕದ ಹೊಲದ ಅಂದಾನಪ್ಪ ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ಗಟ್ಟಿ ಕಾಲು, ತುಂಬು ಆಯುಷ್ಯ, ನೀನು ಬಯಸಿದ ಖಾಕಿ ಬಟ್ಟೆ ಎಲ್ಲವೂ ನಿನಗೆ ಸಿಗಲಿ.

ನಿನ್ನ ತಾತ,
ದೊಡ್ಡಬಸಪ್ಪ

ತಾ.ಕ.: ಪತ್ರ ಒಯ್ಯುವ ಹಂಪೇಶ ಹೊರಗೆ ಬೈಕಿನ ಹಾರ್ನ್ ಹೊಡೆಯುತ್ತಿದ್ದಾನೆ. ಡಬ್ಬಿ ಕಟ್ಟುತ್ತ ನಿಮ್ಮಜ್ಜಿ ಈಗಷ್ಟೇ ನಿಜ ಹೇಳಿದಳು. ನಾನು ಗುರಿ ಹಿಡಿದದ್ದು ನರಿಗಲ್ಲ, ಅಂದಾನಪ್ಪನ ನಾಯಿ ಕೆಂಚನಿಗೆ! ನಾಯಿ ಎಂದಿದ್ದರೆ ನಾನು ನಂಬದೆ ಹೊಡೆದೇಬಿಡುತ್ತಿದ್ದೆ ಎಂದು ನರಿಯ ಕಥೆ ಕಟ್ಟಿದಳಂತೆ. ಕಣ್ಣು ಮಂಜಾಗಿರುವುದು ನನಗೂ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಬಂದೂಕನ್ನು ಸೋಮವಾರ ಠಾಣೆಗೆ ಒಪ್ಪಿಸುತ್ತೇನೆ. ತುಂಬ ಸಂಕಟವಾಗುತ್ತದೆ, ಆದರೂ ಒಪ್ಪಿಸುತ್ತೇನೆ. ಹೀಗಾಗಿ ನಿನಗೆ ಕಳಿಸಲು ನನ್ನ ಹತ್ತಿರ ಅದೃಷ್ಟ ಏನೂ ಇಲ್ಲ ಮಗಳೇ. ಆದರೆ ದಸರೆಯಲ್ಲಿ ಕಾಲುವೆ ಏರಿಯ ಮೇಲೆ ಅದೇ ಕೆಂಚನನ್ನು ಹಿಂದೆ ಹಾಕಿ ಓಡಿದವಳು ನೀನು. ನಿನಗೆ ನರಿ ಯಾತಕ್ಕೆ?