ಚಳಿಯಿಲ್ಲದ ಊರಿನ ಸೇಬುಹೂ

ಬಿಕರ್ನಕಟ್ಟೆ
23 ನವೆಂಬರ್ 2025

ಪ್ರೀತಿಯ ತಂಗಿ ಮುಫೀದಾ,

ಅಸ್ಸಲಾಮು ಅಲೈಕುಂ. ಒಂದೇ ಊರಿನೊಳಗೆ ಬಲ್ಮಠದಲ್ಲಿರುವ ತಂಗಿಗೆ ಬಿಕರ್ನಕಟ್ಟೆಯ ಅಕ್ಕ ಅಂಚೆಯಲ್ಲಿ ಕಾಗದ ಹಾಕುವುದು ನಗೆಪಾಟಲಿನ ವಿಷಯವೇ. ನೀನು ನಮ್ಮ ಫೋನ್ ಎತ್ತುವುದಿಲ್ಲ, ಏನು ಮಾಡಲಿ? ಇದನ್ನು ಯಾವತ್ತೋ ಬರೆಯಬೇಕಿತ್ತು, ಕ್ಷಮಿಸು. ಆನ್ಸನ್ ಕ್ಷೇಮವೇ? ನೀನು ಅವನನ್ನು ಮದುವೆಯಾದಂದಿನಿಂದ ಉಪ್ಪ ನಿನ್ನ ಹೆಸರೆತ್ತಿಲ್ಲ, ಅದು ನಿನಗೂ ಗೊತ್ತು. ಆದರೂ ನಿನ್ನನ್ನು ಮನೆಗೆ ಕರೆಯಲೆಂದೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಟ್ಟೆ, ಆಮೇಲೆ ಸುತ್ತಿ ಬಳಸಿದಳು ಅನ್ನಬೇಡ.

ಉಪ್ಪನ ಸೇಬಿನ ಮರ ಹೂಬಿಟ್ಟಿದೆ. ಬಂದರಿನ ಅಂಗಡಿಯಲ್ಲಿ ಜೀವಮಾನವಿಡೀ ಸೇಬಿನ ಪೆಟ್ಟಿಗೆ ಒಡೆದ ನಮ್ಮ ಉಪ್ಪ ನೂರ್ ಮುಹಮ್ಮದ್ ಸಾಹುಕಾರರು ಸೇಬಿನ ಹೂವನ್ನು ಒಮ್ಮೆಯೂ ಕಂಡವರಲ್ಲ. ವ್ಯಾಪಾರ ಬಿಟ್ಟ ಮೇಲೆ ಅದೇ ಕೊರಗು. ಹಿಮಾಚಲದ ಹಳೆಯ ಪರಿಚಯದವರೊಬ್ಬರು ಕ್ರ್ಯಾಬ್ ಆಪಲ್ ಎಂಬ ಸೇಬಿನ ಜಾತಿಯ ಸಸಿ ಕಳಿಸಿಕೊಟ್ಟರು. ಅದರ ಹಣ್ಣು ನೆಲ್ಲಿಕಾಯಿಯಷ್ಟು, ಬಾಯಿಗಿಟ್ಟರೆ ಹುಳಿ. ಜನ ಬೆಳೆಸುವುದು ಹೂವಿನ ಚಂದಕ್ಕೆ. ಉಪ್ಪ ಅದನ್ನು ಟೆರೇಸಿನ ಡ್ರಮ್ಮಿನಲ್ಲಿ ನೆಟ್ಟು, ಬಿಸಿಲಿಗೆ ಉಮ್ಮನ ಹಳೆಯ ಸೀರೆ ಕಟ್ಟಿ, ಮಳೆಗೆ ಬೇರು ಕೊಳೆಯದಂತೆ ಇಟ್ಟಿಗೆಯ ಮೇಲೆ ಏರಿಸಿ ಸಾಕಿದರು. ನಮ್ಮನ್ನೂ ಇಷ್ಟು ಮುದ್ದು ಮಾಡಿರಲಿಲ್ಲ, ಅಲ್ಲವೇ?

ಚಳಿ ಬಿದ್ದು ಎಲೆ ಉದುರದೆ ಆ ಮರ ಹೂ ಬಿಡುವುದಿಲ್ಲವಂತೆ. ನಮ್ಮೂರಿಗೆ ಎಲ್ಲಿಯ ಚಳಿ? ಹಾಗಾಗಿ ಮಳೆ ನಿಂತ ಮೇಲೆ ಉಪ್ಪ ಸ್ಟೂಲ್ ಹಾಕಿ ಕುಳಿತು, ಮೊಗ್ಗಿನ ಕಣ್ಣಿಗೆ ಪೆಟ್ಟಾಗದಂತೆ ಒಂದೊಂದೇ ಎಲೆ ಕೈಯಿಂದ ಕಿತ್ತು ಮರವನ್ನು ಬೋಳು ಮಾಡಿದರು. ಚಳಿಗಾಲ ಬಂತೆಂದು ಮರ ನಂಬಲಿ ಎಂದು ನೀರನ್ನೂ ನಿಲ್ಲಿಸಿದರು. ಕಳೆದ ವರ್ಷವೂ ಹೀಗೇ ಮಾಡಿದ್ದರು. ಆಗ ಉಮ್ಮ ನೋಡಲಾಗದೆ ಗುಟ್ಟಾಗಿ ಬಂಗುಡೆ ಮೀನು ತೊಳೆದ ನೀರು ಹೊಯ್ದಿದ್ದರು. ಸೊರಗಿದ ಗಿಡಕ್ಕೆಲ್ಲ ಅವರ ಮದ್ದು ಅದೊಂದೇ. ಓಣಿಯ ಬೆಕ್ಕುಗಳೆಲ್ಲ ಟೆರೇಸಿಗೆ ಬಂದು ಗುಟ್ಟು ರಟ್ಟಾಯಿತು. ಮರದ ತುಂಬ ಎಲೆ ಬಂತು, ಹೂ ಒಂದೂ ಇಲ್ಲ. ಉಪ್ಪನ ಸಿಟ್ಟು ನಿನಗೆ ಗೊತ್ತಲ್ಲ, ಈಗ ಬೈಗುಳ ಶುರುವೆಂದೇ ನಾವೆಲ್ಲ ಅಂದುಕೊಂಡೆವು. ಅವರು ಉಮ್ಮನಿಗೆ ಮೆಲ್ಲಗೆ, "ಮರ ಸಾಯ್ಲಿಲ್ಲ ಅಲ್ವಾ ಅಲೀಮಮ್ಮ, ಬರುವ ವರ್ಷ ನೋಡುವ" ಎಂದರು. ಅಷ್ಟು ತಾಳ್ಮೆ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಆ ಮನುಷ್ಯನ ಮೇಲೆ ಅಭಿಮಾನ ಉಕ್ಕಿಬಂತು ಮುಫೀದಾ.

ಈ ಸಲ ಒಂದೇ ಕೊಂಬೆಯಲ್ಲಿ ಹೂವು. ಮೊಗ್ಗು ನಸುಗೆಂಪು, ಅರಳಿದರೆ ಬಿಳಿ. ಬೆಳಗಿನ ಜಾವದ ಸುಬಹಿ ನಮಾಜು ಮುಗಿಸಿದವರೇ ಉಪ್ಪ ಮೇಲೆ ಹೋಗಿ ಕೂರುತ್ತಾರೆ, ಚಹಾ ಆರಿದರೂ ಗೊತ್ತಾಗುವುದಿಲ್ಲ. ಈ ಹೂವು ಹೆಚ್ಚು ದಿನ ನಿಲ್ಲುವುದಲ್ಲ. ಉದುರುವ ಮೊದಲು ಬಾ, ಆನ್ಸನ್‌ನನ್ನೂ ಕರೆದುಕೊಂಡು ಬಾ. ಗೇಟು ನಾನು ತೆಗೆಯುತ್ತೇನೆ, ಬೈಗುಳವಿದ್ದರೆ ಅದನ್ನೂ ನಾನೇ ತಿನ್ನುತ್ತೇನೆ.

ನಿನ್ನ ಮನೆಯಲ್ಲಿ ಬರಕತ್ತಿರಲಿ. ಅಲ್ಲಾಹನು ನಿಮ್ಮೆಲ್ಲರನ್ನೂ ಚೆನ್ನಾಗಿಡಲಿ.

ನಿನ್ನ ಅಕ್ಕ,
ಸಾಜಿದಾ

ಮತ್ತೊಂದು ಮಾತು: ನಿನಗೆ ಕಳಿಸೋಣವೆಂದು ನಿನ್ನೆ ಹೂವಿನ ಫೋಟೋ ತೆಗೆಯುತ್ತಿದ್ದೆ. ಯಾರಿಗೆಂದು ಉಪ್ಪ ಕೇಳಲಿಲ್ಲ. "ಮುಫೀದಾನ ಮಗುವಿಗೆ ಎಂತ ಹೆಸರು ಇಟ್ಟಿದ್ದಾರೆ?" ಎಂದರು. ರಂಜಾನಿನಲ್ಲಿ ನಿನಗೆ ಹೆಣ್ಣುಮಗುವಾದ ಸುದ್ದಿಯನ್ನು ಪಕ್ಕದ ಮನೆಯ ರಹ್ಮತ್ ಆಗಲೇ ನನಗೂ ಉಮ್ಮನಿಗೂ ಹೇಳಿದ್ದಳು, ಉಪ್ಪನೆದುರು ನಾವ್ಯಾರೂ ಬಾಯಿಬಿಟ್ಟಿರಲಿಲ್ಲ. ಉಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.