ಎಡಭುಜದ ಕಚ್ಚಾ ಹೊಲಿಗೆ

ಮಂಗಳವಾರ, ಮಾರ್ಚ್ ೧೨
ಅಂಗಡಿಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ನನ್ನ ನೂಲುಂಡೆಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಇವತ್ತಿಗೆ ಏಳು ವಾರವಾಯಿತು. ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು, ಒಪ್ಪಿಕೊಂಡೆ. "ಅಮ್ಮನಿಗೆ ಮಗಳಿಗಿಂತ ಗಿರಾಕಿಗಳೇ ಹೆಚ್ಚು" ಎಂದು ನೀನು ಅಪ್ಪನ ಹತ್ತಿರ ಫೋನಿನಲ್ಲಿ ದೂರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವರು ಸ್ಪೀಕರ್ ಹಾಕಿಕೊಂಡು ಇಡೀ ಮನೆಗೆ ಕೇಳುವಂತೆ ಮಾತಾಡುತ್ತಾರೆ ಎನ್ನುವುದು ನಿನಗೆ ಮರೆತಿರಬೇಕು. ನಾನೂ ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ನೀನು ವಕೀಲೆ, ನಾಲ್ಕು ಮಾತಿಗೆ ಮೂರು ಪ್ರಶ್ನೆ ಹಾಕುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಿನ್ನ ಕಪ್ಪು ಕೋಟು ಮುಗಿಯಿತು. ಈ ಕಾಗದದ ಜೊತೆಗೇ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಸೋಮವಾರ ನೀನು ಮೊದಲ ಸಲ ಒಬ್ಬಳೇ ಕೇಸು ವಾದಿಸುವಾಗ ಅದು ನಿನ್ನ ಮೈಮೇಲೆ ಇರಬೇಕು ಎಂಬುದು ನನ್ನ ಹಟ. ಕೋಟು ತಡವಾಗಲು ಎರಡು ಕಾರಣ. ಒಂದನ್ನು ಈಗಲೇ ಹೇಳುತ್ತೇನೆ, ಅದು ನನ್ನ ಕತ್ತು. ಇನ್ನೊಂದು ನಿನಗೆ ಸಂಬಂಧಪಟ್ಟದ್ದು. ಕಾಗದ ಮುಗಿಸುವಷ್ಟರಲ್ಲಿ ಧೈರ್ಯ ಬಂದರೆ ಅದನ್ನೂ ಬರೆಯುತ್ತೇನೆ.

ನಿನ್ನ ಕಾಗದ ಬಂದ ಮೂರನೇ ದಿನ ಬೆಳಿಗ್ಗೆ ಎದ್ದರೆ ಕತ್ತು ಎಡಕ್ಕೆ ತಿರುಗಲೊಲ್ಲದು. ನಿಮ್ಮಪ್ಪ ಎಡಗಡೆ ಕೂತು ಪತ್ರಿಕೆ ಓದುತ್ತಿದ್ದರು. ಅವರನ್ನು ನೋಡಬೇಕೆಂದರೆ ಕುರ್ಚಿಯ ಸಮೇತ ತಿರುಗಬೇಕಿತ್ತು. "ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು, ಕತ್ತು ಹಿಡಿದದ್ದು ನಿನಗೆ" ಎಂದು ನಕ್ಕರು. ಎರಡು ದಿನ ಎಣ್ಣೆ ಹಚ್ಚಿದೆ, ಬಿಸಿನೀರಿನ ಚೀಲ ಇಟ್ಟೆ. ಮೂರನೇ ದಿನ ಬಲಗೈ ಮೇಲೆತ್ತಿದರೆ ಭುಜದವರೆಗೂ ಬರಲಿಲ್ಲ. ಕತ್ತರಿ ಹಿಡಿಯುವ ಕೈ ಅಲ್ಲವೇ? ಅದೊಂದು ಕೈಕೊಟ್ಟರೆ ನಾನು ಈ ಅಂಗಡಿಯಲ್ಲಿ ಕೂತು ಏನು ಮಾಡಲಿ, ಗಿರಾಕಿಗಳಿಗೆ ಚಹಾ ಕೊಡಲೇ?

ಕಾಜಾ ಅಕ್ಕ ನನ್ನನ್ನು ಬಿಡಲಿಲ್ಲ. ಇಪ್ಪತ್ತಾರು ವರ್ಷದಿಂದ ನನ್ನ ಎದುರಿಗೇ ಕೂತು ಕಾಜಾ ಹೊಲಿದು ಗುಂಡಿ ಹಾಕುವವಳು, ನನಗೆ ಹೆದರುವವಳೇ? "ನಿನ್ನನ್ನ ನೋಡಿದ್ರೆ ಹ್ಯಾಂಗರಿಗೆ ಸೊಟ್ಟ ಹಾಕಿದ ಅಂಗಿ ಥರ ಇದೀಯ. ಮಾರ್ಕೆಟ್ಟಿನ ಹಿಂದಿನ ಬೀದೀಲಿ ಕೈರೋಪ್ರಾಕ್ಟರ್ ಒಬ್ಬರು ಬಂದಿದಾರೆ. ನನ್ನ ಸೊಂಟ ನೋಡಿದ್ದು ಅವರೇ. ನಡಿ" ಎಂದಳು. ಹೆಸರು ಕೇಳಿದರೆ ಯಾವುದೋ ಯಂತ್ರದ ಭಾಗದಂತಿತ್ತು. ಬೆನ್ನು, ಕತ್ತುಗಳ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲ ಮಾಡುವವರಂತೆ. ನೆಟಿಗೆ ಮುರಿದ ಹಾಗೆ ಸದ್ದು ಬರುತ್ತದೆ ಎಂದು ಕೇಳಿ ನಿಮ್ಮಪ್ಪ ಅಲ್ಲೇ ಹೆಸರಿಟ್ಟರು, ನೆಟಿಗೆ ಡಾಕ್ಟರಮ್ಮ. ಈಗ ಅವರೆದುರಿಗೇ ನನ್ನ ಬಾಯಿಂದ ಅದು ಬಂದುಬಿಡುತ್ತದೇನೋ ಎಂದು ಭಯ.

ನಿನಗಿಂತ ನಾಲ್ಕೈದು ವರ್ಷ ದೊಡ್ಡವರು. ಕಿಟಕಿಗೆ ಮುಖಮಾಡಿದ ಸಣ್ಣ ಕೋಣೆ, ನಡುವೆ ಮುಖ ಹುದುಗಿಸಲು ತೂತಿರುವ ಎತ್ತರದ ಮಂಚ, ಗೋಡೆಗೆ ಆಳೆತ್ತರದ ಕನ್ನಡಿ. ಹೋದ ಕೂಡಲೇ ಮಂಚಕ್ಕೆ ಹತ್ತಿಸುತ್ತಾರೆ ಎಂದುಕೊಂಡರೆ, ಅರ್ಧ ಗಂಟೆ ಬರೀ ಪ್ರಶ್ನೆ. ಕೈ ಜೋಮು ಹಿಡಿಯುತ್ತದೆಯೇ, ತಲೆ ಸುತ್ತುತ್ತದೆಯೇ, ಹಿಂದೆ ಎಲ್ಲಾದರೂ ಬಿದ್ದಿದ್ದಿರಾ. ಎಕ್ಸರೇ ತೆಗೆಸಿ ತಂದಮೇಲೆ ಮಾತ್ರ ಮುಟ್ಟುತ್ತೇನೆ ಎಂದು ವಾಪಸ್ಸು ಕಳಿಸಿದರು. ನನಗೆ ಆಗಲೇ ಹಿಡಿಸಿತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರನ್ನು ನಾನು ನಂಬಿದವಳಲ್ಲ.

ಎರಡನೇ ಸಲ ಕನ್ನಡಿಯ ಮುಂದೆ ನಿಲ್ಲಿಸಿ, ಮೇಲಿನಿಂದ ಒಂದು ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟರು. ದಾರ ನೆಟ್ಟಗಿತ್ತು. ನಾನು ನೆಟ್ಟಗಿರಲಿಲ್ಲ. ಬಲಭುಜ ಅರ್ಧ ಇಂಚು ಕೆಳಗೆ, ತಲೆ ಮೂರು ಬೆರಳು ಮುಂದೆ. ನಾನು ಬಿಟ್ಟೇನೇ? "ಮೂವತ್ತೈದು ವರ್ಷದಿಂದ ಜನರ ಮೈ ಅಳೀತಾ ಇದೀನಿ ಡಾಕ್ಟರಮ್ಮ. ನನ್ನ ಕಣ್ಣಳತೆ ತಪ್ಪಲ್ಲ. ನಿಮ್ಮ ಕನ್ನಡಿ ಸೊಟ್ಟ ಇದೆ" ಎಂದೆ. ಅವರು ಸಿಟ್ಟಾಗಲಿಲ್ಲ. "ಬೇರೆಯವರ ಮೈ ಅಳೆದಿದೀರಿ ಅಮ್ಮ. ನಿಮ್ಮದನ್ನ ಯಾವಾಗ ಅಳೆದ್ರಿ?" ಎಂದರು. ಟೇಪನ್ನು ಕೊರಳಿಗೆ ಹಾಕಿಕೊಂಡೇ ಮುದುಕಿಯಾಗುತ್ತಿದ್ದೇನೆ, ಅದು ನನ್ನ ಮೈ ಸುತ್ತಿ ಬಂದದ್ದಿಲ್ಲ.

ಮೊದಲ ಸಲ ಕತ್ತು ಹಿಡಿದು ಟಕ್ಕೆನಿಸಿದಾಗ ನಾನು ಕಿರುಚಿದ್ದು ಹೊರಗೆ ಕೂತಿದ್ದ ನಿಮ್ಮಪ್ಪನಿಗೂ ಕೇಳಿಸಿತಂತೆ. ನೋವಿಗಲ್ಲ, ಹೆದರಿಕೆಗೆ. ಅದು ಮೂಳೆ ಮುರಿದ ಸದ್ದಲ್ಲ, ಕೀಲಿನೊಳಗಿನ ಗಾಳಿಗುಳ್ಳೆಯದು ಎಂದು ಆಮೇಲೆ ಬಿಡಿಸಿ ಹೇಳಿದರು. ಇನ್ನೊಂದು ಮಾತನ್ನು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: "ನಿಮ್ಮನ್ನ ಅಳತೆಪಟ್ಟಿ ಥರ ನೆಟ್ಟಗೆ ಮಾಡ್ತೀನಿ ಅಂತ ನಾನು ಹೇಳಲ್ಲ. ಬಿಗಿದ ಕೀಲು ಸಲೀಸಾಗಿ ಆಡೋ ಹಾಗೆ ಮಾಡೋಕೆ ನೋಡ್ತೀನಿ. ಕೆಲವರಿಗೆ ಬೇಗ ಗುಣ ಕಾಣುತ್ತೆ, ಕೆಲವರಿಗೆ ಅಷ್ಟಕ್ಕಷ್ಟೆ. ನಿಲ್ಲೋದು, ಕೂರೋದು ನಿಮ್ಮ ಕೈಯಲ್ಲಿದೆ. ಅದನ್ನ ನೀವು ಬದಲಾಯಿಸದಿದ್ರೆ ನಾನು ವಾರ ವಾರ ಒತ್ತುತಾ ಇರಬೇಕು, ನೀವು ವಾರ ವಾರ ಬಗ್ಗುತಾ ಇರಬೇಕು."

ಹಾಗಾಗಿ ಮನೆಪಾಠವೂ ಇದೆ. ದಿನಾ ಬೆಳಿಗ್ಗೆ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ಒತ್ತಿ ನಿಲ್ಲಬೇಕು. ಗದ್ದವನ್ನು ಹಿಂದಕ್ಕೆಳೆದು ಹತ್ತು ಎಣಿಸಬೇಕು. ಅರ್ಧ ಗಂಟೆಗೊಮ್ಮೆ ಕತ್ತರಿ ಕೆಳಗಿಟ್ಟು ಎದ್ದು ಓಡಾಡಬೇಕು. ನಾನು ಗೋಡೆಗೆ ನಿಂತರೆ ನಿಮ್ಮಪ್ಪ "ಯಾವ ತಪ್ಪಿಗೆ ಮೇಷ್ಟ್ರು ನಿಲ್ಲಿಸಿದಾರೆ?" ಎಂದು ಕೇಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ನನ್ನ ಕತ್ತರಿಸುವ ಮೇಜಿಗೆ ಆಗಿದೆ. ನೀನು ಚಿಕ್ಕವಳಿದ್ದಾಗ ಅದರಡಿ ಉರುಳಾಡಿ ಚೂರುಬಟ್ಟೆ, ನೂಲೆಲ್ಲ ಮೈಗೆ ಸುತ್ತಿಕೊಂಡು ನೂಲುಂಡೆ ಎನಿಸಿಕೊಂಡೆಯಲ್ಲ, ಅದೇ ಮೇಜು. ನಾಲ್ಕೂ ಕಾಲಿನ ಕೆಳಗೆ ಐದೈದು ಇಂಚಿನ ಮರದ ತುಂಡು ಕೊಟ್ಟು ಎತ್ತರಿಸಿದ್ದೇವೆ. ಇಷ್ಟು ವರ್ಷ ಮೇಜಿನ ಮುಂದೆ ನಾನು ಬಗ್ಗುತ್ತಿದ್ದೆ, ಅದೇ ಮೇಲೆ ಬರಲಿ ಎಂದು ಯಾರಿಗೂ ಹೊಳೆದಿರಲಿಲ್ಲ. ಕಾಜಾ ಅಕ್ಕ ಮಾತ್ರ ಈಗ ಮೇಜಿನಾಚೆಯಿಂದ ನನ್ನ ಮುಖ ಕಾಣುವುದಿಲ್ಲ, ಬಹಳ ನೆಮ್ಮದಿ ಎನ್ನುತ್ತಾಳೆ.

ಆರು ವಾರ ಕಳೆಯಿತು. ಕೈ ಕಿವಿಯ ಪಕ್ಕಕ್ಕೆ ಏಳುತ್ತದೆ. ಮೇಲಿನ ಕಪಾಟಿನಿಂದ, ಕೋಟಿನ ಒಳಗೆ ಹಾಕುವ ಅಸ್ತರಿನ ಬಟ್ಟೆಯ ಸುರುಳಿ ನಾನೇ ಇಳಿಸಿದೆ. ಕತ್ತು ಎಡಕ್ಕೆ ಪೂರ್ತಿ ತಿರುಗುತ್ತದೆ. ಭುಜ ಸಮ ಆಯಿತೇ ಎಂದರೆ, ಸ್ವಲ್ಪ. ದಾರ ಇಳಿಬಿಟ್ಟರೆ ಈಗಲೂ ನಾನೇ ಸೋಲುತ್ತೇನೆ, ಆದರೆ ಮೊದಲಿನಷ್ಟು ಹೀನಾಯವಾಗಿ ಅಲ್ಲ. ಮೂವತ್ತೈದು ವರ್ಷದ ಬಾಗು ಆರು ವಾರದಲ್ಲಿ ಹೋಗಲಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಇನ್ನೂ ಹತ್ತು ವರ್ಷ ಕತ್ತರಿ ಹಿಡಿಯುತ್ತೇನೆ, ಬರೆದಿಟ್ಟುಕೋ. ನೀನು ಕರಿಕೋಟಿನಿಂದ ಇನ್ನೂ ದೊಡ್ಡ ಕೋಟಿಗೆ ಏರಿದರೆ ಅದನ್ನೂ ನಾನೇ ಹೊಲಿಯುವವಳು.

ಎರಡು ವಾರದ ಹಿಂದೆ ಡಾಕ್ಟರಮ್ಮನ ಮಂಚದ ಮೇಲೆ ಬೋರಲು ಮಲಗಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವರು ಬೆನ್ನು ಒತ್ತುತ್ತ ಕೆಲಸದ ಬಗ್ಗೆ ಕೇಳಿದ್ದರು. "ಒಂದು ಭುಜ ಇಳಿದಿರೋರು ಎಷ್ಟೋ ಜನ ಬರ್ತಾರೆ. ಆ ಕಡೆ ಒಳಗೆ ಒಂದು ಪದರ ಹತ್ತಿ ಇಟ್ಟು ಹೊಲಿದ್ರೆ ಮುಗೀತು. ಯಾರಿಗೂ ಗೊತ್ತಾಗಲ್ಲ" ಎಂದೆ.

"ಹಾಕಿಕೊಂಡೋರಿಗೆ?"

"ಅವರಿಗೂ ಗೊತ್ತಾಗಲ್ಲ. ಅದೇ ನನ್ನ ಕೈಚಳಕ."

ಅವರ ಕೈ ಬೆನ್ನ ಮೇಲೇ ನಿಂತಿತು. "ದೊಡ್ಡೋರಾದ್ರೆ ಸರಿ ಅಮ್ಮ. ಬೆಳೆಯೋ ಮಕ್ಕಳು ಬಂದ್ರೆ ಹತ್ತಿ ಇಡಬೇಡಿ, ತಂದೆತಾಯಿಗೆ ಹೇಳಿ. ಬೆನ್ನುಮೂಳೆ ಪಕ್ಕಕ್ಕೆ ಬಾಗ್ತಾ ಇದ್ರೂ ಹಾಗೇ ಕಾಣುತ್ತೆ. ಅದು ನನ್ನ ಕೈಯಲ್ಲಿ ಹೋಗೋದಲ್ಲ, ಮೂಳೆ ಡಾಕ್ಟರು ನೋಡಬೇಕು. ಬೆಳೆಯೋ ವಯಸ್ಸಲ್ಲೇ ಕಣ್ಣಿಗೆ ಬಿದ್ರೆ, ಹೆಚ್ಚಾಗದ ಹಾಗೆ ತಡೆಯೋಕೆ ಅವರಿಗೆ ದಾರಿ ಇರುತ್ತೆ" ಎಂದರು.

ಮುಖ ಮಂಚದ ತೂತಿನಲ್ಲಿತ್ತು. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅವತ್ತು ಹೊರಗೆ ಬಂದವಳು ನಿಮ್ಮಪ್ಪನ ಜೊತೆ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ನೆಟಿಗೆ ಡಾಕ್ಟರಮ್ಮ ನಿನ್ನ ಬಾಯಿಗೂ ಏನಾದ್ರೂ ಮಾಡಿದ್ರಾ ಎಂದು ಅವರು ಮೂರು ಸಲ ಕೇಳಿದರು.

ಊಟದ ಬಿಡುವು ಮುಗಿಯಿತು, ಕಾಜಾ ಅಕ್ಕ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ. ಸೋಮವಾರ ನಿನ್ನ ದನಿ ನಡುಗದಿರಲಿ. ನಿನ್ನ ಕಕ್ಷಿಗಾರರಿಗೆ ನ್ಯಾಯ ಸಿಗಲಿ. ಎದುರಿನ ವಕೀಲರಿಗೆ ನಿನ್ನ ಪ್ರಶ್ನೆಗಳು ಸಿಗಲಿ, ಇಷ್ಟು ವರ್ಷ ನಾವು ತಿಂದದ್ದು ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದವೂ ಇದರಲ್ಲೇ ಇದೆ, ಬೇರೆ ಬರೆಯಲು ಅವರಿಗೆ ಸೋಮಾರಿತನ.

ನಿನ್ನ
ಅಮ್ಮ

ಮರೆತು ಬರೆದದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು:

ಅವತ್ತು ಮನೆಗೆ ಬಂದು ಹಳೆಯ ಅಳತೆ ಪುಸ್ತಕ ತೆಗೆದೆ. ನಿನ್ನ ಪುಟದಲ್ಲಿ ನನ್ನದೇ ಪೆನ್ಸಿಲಿನ ಅಕ್ಷರ. ಹನ್ನೆರಡನೇ ವಯಸ್ಸು, ಶಾಲೆಯ ಕೋಟು: ಎಡಭುಜ ಕಾಲು ಇಂಚು ಕೆಳಗೆ. ಹದಿಮೂರು: ಅರ್ಧ. ಹದಿನಾಲ್ಕೂವರೆ: ಮುಕ್ಕಾಲು. ಆಮೇಲಿನದೆಲ್ಲ ಮುಕ್ಕಾಲೇ. ಪ್ರತಿಯೊಂದರ ಪಕ್ಕದಲ್ಲೂ "ಹತ್ತಿ" ಎಂದು ಬರೆದಿದ್ದೇನೆ. ನಿಮ್ಮಪ್ಪನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ನನ್ನ ಅಕ್ಕನನ್ನು, ನಿನ್ನ ದೊಡ್ಡಮ್ಮನನ್ನು, ಅವಳು ಸಾಯುವವರೆಗೂ ಇಡೀ ಬೀದಿ "ಸೊಟ್ಟಿ" ಎಂದೇ ಕರೆಯಿತು. ನನ್ನ ಮಗಳನ್ನು ಯಾರೂ ಹಾಗೆ ಕರೆಯಬಾರದು ಎಂದುಕೊಂಡೆ. ಶಾಲೆಯ ಚೀಲದ ಭಾರಕ್ಕೆ ಹಾಗಾಗಿದೆ, ದೊಡ್ಡವಳಾದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರೂ ಕರೆಯಲಿಲ್ಲ, ನಿಜ. ಯಾರೂ ನೋಡಲೂ ಇಲ್ಲ. ನೋಡಬೇಕಾದವರೂ ನೋಡದ ಹಾಗೆ ಅಷ್ಟು ಚೆನ್ನಾಗಿ ಹೊಲಿದೆ.

"ಅಂಗಡಿಯ ಕೋಟೆಲ್ಲ ನನಗೆ ಒಂದು ಕಡೆ ಇಳಿಬೀಳುತ್ತೆ, ರೆಡಿಮೇಡ್ ಹೊಲಿಯೋರಿಗೆ ಭುಜ ಕೂರಿಸೋಕೆ ಬರಲ್ಲ, ನೀನೇ ಹೊಲಿದುಕೊಡು" ಎಂದು ನಿನ್ನ ಕಾಗದದಲ್ಲಿ ಬರೆದಿದ್ದೆ. ಅದರ ಕೆಳಗಿನ ಸಾಲಿನಲ್ಲೇ, ಬಹಳ ಹೊತ್ತು ನಿಂತರೆ ಸೊಂಟದ ಒಂದೇ ಪಕ್ಕ ನೋಯುತ್ತೆ, ಚಪ್ಪಲಿ ಬದಲಾಯಿಸಬೇಕು ಎಂದೂ ಬರೆದಿದ್ದೆ. ಅವರಿಗೆ ಹೊಲಿಯಲು ಬರುತ್ತದೆ ಮಗಳೇ. ಚಪ್ಪಲಿಯೂ ಸರಿಯಾಗಿಯೇ ಇರಬೇಕು.

ಈ ಕೋಟನ್ನು ಎರಡು ಸಲ ಬಿಚ್ಚಿ ಹೊಲಿದೆ. ಹತ್ತಿ ಇಡದೆ ಕಳಿಸೋಣವೆಂದರೆ, ನಿನ್ನ ಮೊದಲ ದಿನವನ್ನು ಕೆಡಿಸಲು ಮನಸ್ಸು ಬರಲಿಲ್ಲ. ಇಟ್ಟು ಮುಚ್ಚಿಬಿಡೋಣವೆಂದರೆ ಈ ಸಲ ಕೈ ಬರಲಿಲ್ಲ. ಅದಕ್ಕೆ ಇಟ್ಟಿದ್ದೇನೆ, ಆದರೆ ಕಪ್ಪು ಅಸ್ತರಿನ ಮೇಲೆ ಬಿಳಿಯ ನೂಲಿನಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ್ದೇನೆ. ಎಡಭುಜದ ಒಳಗೆ ನೋಡಿದರೆ ಕಾಣುತ್ತದೆ. ಒಂದು ಎಳೆತಕ್ಕೆ ಬಿಚ್ಚಿಕೊಂಡು ಹತ್ತಿ ಕೈಗೆ ಬರುತ್ತದೆ. ಕನ್ನಡಿಯ ಮುಂದೆ ನಿಂತು ಒಮ್ಮೆ ಹಾಗೇ ಹಾಕಿಕೊಂಡು ನೋಡು. ಸೋಮವಾರಕ್ಕೆ ಹತ್ತಿ ಬೇಕೋ ಬೇಡವೋ ನೀನೇ ತೀರ್ಮಾನಿಸು. ಇಷ್ಟು ವರ್ಷ ನಿನ್ನನ್ನು ಕೇಳದೆ ನಾನೇ ತೀರ್ಮಾನಿಸಿದೆ.

ನಿನ್ನ ಊರಿನ ಮೂಳೆ ಡಾಕ್ಟರ ವಿಳಾಸವನ್ನು ನೆಟಿಗೆ ಡಾಕ್ಟರಮ್ಮನೇ ವಿಚಾರಿಸಿ ಕೊಟ್ಟಿದ್ದಾರೆ. ನಿನ್ನ ಕೇಸು ಮುಗಿದ ಮೇಲಿನ ಬುಧವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಬೆಳೆಯುವ ವಯಸ್ಸು ದಾಟಿದೆ, ಹೋದ ಕಾಲ ವಾಪಸ್ಸು ಬರುವುದಿಲ್ಲ, ಆದರೆ ನೋವಿಗೆ, ನಡಿಗೆಗೆ ಮಾಡುವುದು ಇನ್ನೂ ಬಹಳ ಇದೆಯಂತೆ. ಈ ಶನಿವಾರ ಬೆಳಗಿನ ಬಸ್ಸಿಗೆ ನಾನು ಹೊರಟು ಬರುತ್ತೇನೆ. ಬೇಡ ಎಂದರೂ ಬರುತ್ತೇನೆ. ಎಷ್ಟು ಬೇಕೋ ಅಷ್ಟು ಬೈ. ಯಾವ ಪಕ್ಕಕ್ಕೆ ಕೂತು ಬೈದರೂ ಸರಿ, ಈಗ ನನ್ನ ಕತ್ತು ಎರಡೂ ಕಡೆ ತಿರುಗುತ್ತದೆ.